ಯಾರದೋ ಕತ್ತು

ಕಸ್ತೂರಮ್ಮನಿಗೆ ಸಿಟ್ಟು ಬರುವುದು ಚನ್ನಗಿರಿ ಬಸ್‌ಸ್ಟ್ಯಾಂಡಿನವರಿಗೆ ಹೊಸ ಸುದ್ದಿಯೇನೂ ಅಲ್ಲ. ಸ್ಟ್ಯಾಂಡಿನ ಪಕ್ಕದ ಅವಳ ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ನಿಂತು ‘ಬಿಸಿ ಐತಾ’ ಎಂದು ಕೇಳಿದ ಕಂಡಕ್ಟರುಗಳ ಜನ್ಮವನ್ನು ಅವಳು ಎಷ್ಟೋ ಸಲ ಜಾಲಾಡಿದ್ದಾಳೆ. ಎದುರಿಗೇ ಬಾಣಲೆ ಕುದಿಯುತ್ತಿದ್ದರೂ ಕೇಳುತ್ತಾರಲ್ಲ, ಇವರ ಕಣ್ಣು ಎಲ್ಲಿ ಮೇಯಲು ಹೋಗಿರುತ್ತದೆ ಎನ್ನುವುದು ಅವಳ ತಕರಾರು. ಆದರೆ ಅದೆಲ್ಲ ಬಂದು ಹೋಗುವ ಸಿಟ್ಟು. ನಾಲ್ಕು ಮಿರ್ಚಿ ಪೇಪರಿಗೆ ಸುತ್ತಿ ಕೊಡುವಷ್ಟರಲ್ಲಿ ಇಳಿದಿರುತ್ತಿತ್ತು. ಈ ವರ್ಷ ಬಂದ ಸಿಟ್ಟು ಮಾತ್ರ ಇಳಿಯಲೇ ಇಲ್ಲ. ಅದು ಬಂದದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ, ತಂಗಿ ಅಂಜಿನಮ್ಮನ ಮನೆಯ ಗೋಡೆಯ ಮುಂದೆ.

ಅಂಜಿನಮ್ಮ ಸತ್ತು ವರ್ಷವಾಗಿತ್ತು. ಜ್ವರ ಅಂತ ಮಲಗಿದವಳು ಏಳಲಿಲ್ಲ. ಸತ್ತ ಕೆಲವು ದಿನಕ್ಕೆ ನಡೆದ ಶಿವಗಣಾರಾಧನೆಗೆ ಹೋದಾಗ ಮನೆಯ ಮುಂದೆ ‘ಶಾಂತಮೂರ್ತಿ ಶ್ರೀಮತಿ ಅಂಜಿನಮ್ಮನವರು’ ಎಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಏನೋ ಒಂದು ಮುಖವೂ ಇತ್ತು. ಅವತ್ತು ಕಸ್ತೂರಮ್ಮನಿಗೆ ಕಣ್ಣು ತುಂಬ ನೀರು, ಯಾವುದನ್ನೂ ನೆಟ್ಟಗೆ ನೋಡಿರಲಿಲ್ಲ. ವರ್ಷದ ಕಾರ್ಯಕ್ಕೆ ಹೋದಾಗ ಅಳು ಇರಲಿಲ್ಲ, ಕಣ್ಣು ನಿಚ್ಚಳವಾಗಿತ್ತು. ಪಡಸಾಲೆಯಲ್ಲಿ ಹಾರ ಹಾಕಿದ್ದ ಫೋಟೋದ ಮುಂದೆ ಊದುಬತ್ತಿ ಹಚ್ಚಲು ಹೋದವಳು ಬತ್ತಿ ಹಿಡಿದುಕೊಂಡೇ ನಿಂತುಬಿಟ್ಟಳು.

“ಇದು ಯಾರು?” ಎಂದಳು.

ತಂಗಿಯ ಮಗ ಗುರುಬಸವರಾಜ, ದೊಡ್ಡವ್ವನಿಗೆ ಬಿಸಿಲು ಹತ್ತಿದೆಯೇನೋ ಎಂಬಂತೆ ಅವಳ ಮುಖ ನೋಡಿದ. ಅವ್ವನೇ, ಇನ್ಯಾರು, ಎಂದ. ಕಸ್ತೂರಮ್ಮ ಮತ್ತೆ ನೋಡಿದಳು. ಸುಣ್ಣ ಬಳಿದ ಗೋಡೆಯಂಥ ಬಿಳಿ ಮುಖ. ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಹಣೆಯ ಮೇಲೆ ಸ್ಕೇಲಿಟ್ಟು ಎಳೆದಂತೆ ಮೂರು ಗೆರೆ ವಿಭೂತಿ. ಅದರ ಕೆಳಗೆ ಉದ್ದನೆಯ ಕತ್ತು, ಆ ಕತ್ತಿಗೆ ಕಾಸಿನ ಸರ, ಮೈಮೇಲೆ ಹಸಿರು ರೇಷ್ಮೆ ಸೀರೆ. ಅಂಜಿನಿಗೆ ಕತ್ತೇ ಇರಲಿಲ್ಲ ಅನ್ನಬೇಕು, ತಲೆ ಹೆಗಲ ಮೇಲೇ ಕೂತಿರುತ್ತಿತ್ತು. ಕಾಸಿನ ಸರವನ್ನು ಅವಳು ಕಂಡವಳೂ ಅಲ್ಲ, ಬೇಕೆಂದವಳೂ ಅಲ್ಲ.

ಗುರು ಸಮಾಧಾನವಾಗಿಯೇ ಬಿಡಿಸಿ ಹೇಳಿದ. ಅವ್ವನ ಒಳ್ಳೆಯ ಫೋಟೋ ಒಂದೂ ಸಿಕ್ಕಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆಯೇ ಫ್ಲೆಕ್ಸ್ ಆಗಬೇಕಿತ್ತು. ಆಧಾರ್ ಕಾರ್ಡಿನ ಫೋಟೋವನ್ನು ಯಾವುದೋ ಸ್ಟುಡಿಯೋಗೆ ವಾಟ್ಸಾಪ್ ಮಾಡಿದ್ದ. ಅವರು ಬಾಡಿ ಹಾಕಿ ಕೊಟ್ಟಿದ್ದರು. “ಎಲ್ಲಾರೂ ಹಾಕಿಸ್ತಾರೆ ದೊಡ್ಡವ್ವ,” ಎಂದ. “ಮುಖ ಅವ್ವಂದೇ, ಬಾಡಿ ಮಾತ್ರ ಕಂಪ್ಯೂಟರ್‌ದು.”

ಅವನ ಮಾತು ಸುಳ್ಳಲ್ಲ. ಈ ಸೀಮೆಯಲ್ಲಿ ಯಾರೇ ಸಾಯಲಿ, ಹೆಣ ಮನೆಯಿಂದ ಹೊರಡುವ ಮೊದಲೇ ಫೋಟೋ ಸ್ಟುಡಿಯೋಗೆ ಹೊರಟಿರುತ್ತದೆ. ಅಲ್ಲಿ ಗಂಡಸರಿಗೆ ಕೋಟು, ಹೆಂಗಸರಿಗೆ ರೇಷ್ಮೆ ಸೀರೆ, ಸ್ವಾಮಿಗಳಂಥವರಿಗೆ ಕಾವಿ, ಎಲ್ಲವೂ ತಲೆಯಿಲ್ಲದೆ ಕಾದು ಕೂತಿರುತ್ತವೆ. ಸತ್ತವರ ತಲೆಯನ್ನು ಕತ್ತರಿಸಿ ಅದರ ಮೇಲೆ ಕೂರಿಸುವುದಕ್ಕೆ ಬಾಡಿ ಹಾಕುವುದು ಎಂದು ಹೆಸರು. ಫೋಟೋ ತೆಗೆಯುವಾಗಲೇ ಕಣ್ಣು ಮುಚ್ಚಿದ್ದವರಿಗೆ ಕಣ್ಣೂ ಬಿಡಿಸುತ್ತಾರೆ. ಬದುಕಿದ್ದಾಗ ಮನೆಯವರು ಯಾವತ್ತೂ ಕೊಡಿಸದ ಸೀರೆಯನ್ನು ಸತ್ತ ಮೇಲೆ ಕಂಪ್ಯೂಟರಿನಲ್ಲಿ ಉಡಿಸಿ ಋಣ ತೀರಿಸಿಕೊಳ್ಳುತ್ತಾರೆ. ಯಾರೂ ತಪ್ಪೆಂದುಕೊಂಡಿಲ್ಲ, ಏಕೆಂದರೆ ಎಲ್ಲರ ಮನೆಯ ಗೋಡೆಯ ಮೇಲೂ ಅವೇ ನಾಲ್ಕು ಸೀರೆಗಳಿವೆ.

ಕಸ್ತೂರಮ್ಮ ಮೈದುನನ ಕಡೆ ತಿರುಗಿದಳು. ಅಂಜಿನಮ್ಮನ ಗಂಡ ಮರುಳಪ್ಪ ಹಿಟ್ಟಿನ ಗಿರಣಿಯವನು, ಹೆಚ್ಚು ಮಾತಿನವನಲ್ಲ. ಹೆಂಡತಿಯ ಅಕ್ಕನೆಂದು ಅವಳಿಗೆ ಯಾವತ್ತೂ ಮರ್ಯಾದೆ ಕೊಟ್ಟೇ ಮಾತಾಡಿದವನು. ಅವನು ಗೋಡೆಯನ್ನೊಮ್ಮೆ ನೋಡಿ, “ಚೆನ್ನಾಗೇ ಐತಲ್ಲ ಅಕ್ಕಾರೆ,” ಎಂದ. ಅಷ್ಟು ಹೇಳಿ ಟವೆಲು ಕೊಡವಿಕೊಂಡು ಊಟಕ್ಕೆ ಬಂದವರನ್ನು ವಿಚಾರಿಸಲು ಹೋದ.

ಅಷ್ಟಕ್ಕೇ ಮುಗಿದಿದ್ದರೆ ಕಸ್ತೂರಮ್ಮ ಬೈದು, ಉಂಡು, ಬಸ್ಸು ಹತ್ತುತ್ತಿದ್ದಳೇನೋ. ಅಷ್ಟರಲ್ಲಿ ಗುರುವಿನ ಹೆಂಡತಿ ರಮ್ಯಶ್ರೀ ಮಗುವನ್ನೆತ್ತಿಕೊಂಡು ಬಂದಳು. ಅಂಜಿನಮ್ಮ ಸಾಯುವಾಗ ತೊಟ್ಟಿಲಲ್ಲಿದ್ದ ಚೈತ್ರಶ್ರೀ ಈಗ ಓಡಾಡುತ್ತಿತ್ತು. ಅಜ್ಜಿಗೆ ಕೈ ಮುಗಿ ಎಂದಾಗ ಮಗು ಆ ಉದ್ದ ಕತ್ತಿನವಳಿಗೆ ಕೈ ಮುಗಿದು ‘ಅಜ್ಜಿ’ ಎಂದಿತು. ಕಸ್ತೂರಮ್ಮನ ಮೈಯೆಲ್ಲ ಉರಿದುಹೋಯಿತು. ತಂಗಿಯನ್ನು ಜ್ವರ ತೆಗೆದುಕೊಂಡು ಹೋಯಿತು, ಸರಿ, ಅದಕ್ಕೆ ಯಾರನ್ನು ಬೈಯುವುದು. ಆದರೆ ಈ ಮಗು ಬೆಳೆದು ದೊಡ್ಡದಾಗಿ, ನಮ್ಮಜ್ಜಿ ಹೀಗಿದ್ದಳು ಎಂದು ಇದೇ ಗೊಂಬೆಯನ್ನು ತನ್ನ ಮಕ್ಕಳಿಗೂ ತೋರಿಸುತ್ತದೆ. ಅಲ್ಲಿಗೆ ಅಂಜಿನಿ ಹುಟ್ಟೇ ಇರಲಿಲ್ಲ ಅಂದ ಹಾಗಾಯಿತು. ಅವಳು ಮನೆಯ ಆಲ್ಬಮ್ಮುಗಳನ್ನೆಲ್ಲ ಕೆಳಗಿಳಿಸಿ ಹುಡುಕಿದಳು. ಮಗನ ಮದುವೆಯ ಫೋಟೋಗಳಲ್ಲಿ ಅಂಜಿನಿ ಯಾರದೋ ಭುಜದ ಹಿಂದೆ ಅರ್ಧ ಕಿವಿಯಾಗಿದ್ದಳು. ಫೋನಿನಲ್ಲಿದ್ದವುಗಳಲ್ಲಿ ಬೇಡ ಎಂದು ಕೈ ಅಡ್ಡ ಹಿಡಿದಿದ್ದಳು. ಆಧಾರ್ ಕಾರ್ಡಿನಲ್ಲಿದ್ದದ್ದು ಬರೀ ಮಸಿಯ ಮುದ್ದೆ. ಮುಖ ಎಲ್ಲಿಯೂ ಇರಲಿಲ್ಲ. ಕಸ್ತೂರಮ್ಮ ಪಾಯಸ ಮುಟ್ಟದೆ ಎದ್ದು ಬಂದಳು.

ವಾಪಸ್ ಬರುವಾಗ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಎದುರಿನಿಂದ ಯಾರೋ “ಅಂಜಿನಕ್ಕ, ಚೆನ್ನಾಗಿದೀಯೇನೆ?” ಎಂದು ಕೂಗಿದರು. ಬಸವಾಪಟ್ಟಣದ ದುರುಗಕ್ಕ, ತವರುಮನೆಯ ಓಣಿಯವಳು. ಕಸ್ತೂರಮ್ಮ ದನಿ ತೆಗೆದ ಮೇಲೆ, ಸತ್ತವಳ ಹೆಸರು ಹಿಡಿದು ಕರೆದೆನಲ್ಲ ಎಂದು ಅವಳು ನಾಲಿಗೆ ಕಚ್ಚಿಕೊಂಡಳು. ಅಕ್ಕತಂಗಿಯರದು ಒಂದೇ ಅಚ್ಚು. ಚಿಕ್ಕಂದಿನಲ್ಲಿ ಒಬ್ಬಳ ಏಟು ಇನ್ನೊಬ್ಬಳಿಗೆ ಬಿದ್ದದ್ದು ಎಷ್ಟೋ ಸಲ. ದುರುಗಕ್ಕ ಕಣ್ಣೊರೆಸಿಕೊಂಡು ಏನೇನೋ ಹೇಳುತ್ತಿದ್ದಳು, ಕಸ್ತೂರಮ್ಮನ ಕಿವಿಗೆ ಅದು ಬೀಳಲಿಲ್ಲ. ತಂಗಿಯ ಮುಖ ಎಲ್ಲಿಯೂ ಇಲ್ಲ ಎಂದು ಅಲ್ಲಿಂದ ಹಲ್ಲು ಕಡಿಯುತ್ತ ಬಂದಿದ್ದಳಲ್ಲ, ಆ ಮುಖ ತನ್ನ ಕತ್ತಿನ ಮೇಲೆಯೇ ಇತ್ತು.

ಮಾರನೆಯ ದಿನವೇ ಚನ್ನಗಿರಿಯ ಒಂದು ಸ್ಟುಡಿಯೋಗೆ ಹೋದಳು. ಅಂಜಿನಿ ಉಡುತ್ತಿದ್ದಂಥ ಕಂದು ನೂಲಿನ ಸೀರೆ ಉಟ್ಟು, ಅವಳಂತೆಯೇ ತಲೆ ಬಾಚಿಕೊಂಡಿದ್ದಳು. ಹುಡುಗ ಅವಳನ್ನು ಪರದೆಯ ಮುಂದೆ ಕೂರಿಸಿ, ಸ್ವಲ್ಪ ನಗ್ರಿ ಎಂದು ಹೇಳಿ ಮುಖಕ್ಕೇ ಫ್ಲಾಶ್ ಹೊಡೆದ. ಬಂದದ್ದು ಹಪ್ಪಳ. ಮೂಗಿಲ್ಲ, ಕೆನ್ನೆಯಿಲ್ಲ, ಕಣ್ಣಿನ ಕೆಳಗಿನ ಗುಳಿಯಿಲ್ಲ. ಇದ್ದ ನಾಲ್ಕು ಗೆರೆಯನ್ನೂ ಅವನು ಕಂಪ್ಯೂಟರಿನಲ್ಲಿ ಉಜ್ಜಿ ಹಾಕಿದ್ದ. ಅವಳು ಅದನ್ನು ಹರಿದು ಅವನ ಟೇಬಲ್ಲಿನ ಮೇಲೆಯೇ ಇಟ್ಟು ಬಂದಳು. ಹೊನ್ನಾಳಿಗೆ ಒಂದು ಮದುವೆಗೆ ಹೋದಾಗ ಅಲ್ಲಿಯೂ ಒಬ್ಬ ಫೋಟೋದವನನ್ನು ಕೇಳಿದಳು. ಅವನು ಕ್ಯಾಮೆರಾ ತೆಗೆಯುವ ಮೊದಲೇ, ಯಾವ ಬಾಡಿ ಹಾಕಲಿ ಅಮ್ಮ, ಎಂದು ಸೀರೆಗಳ ಪಟ್ಟಿ ತೋರಿಸಿದ. ಅವಳು ಮದುವೆಮನೆ ಎಂಬುದನ್ನೂ ಮರೆತು ಅವನ ನೀರಿಳಿಸಿದಳು.

ದಾವಣಗೆರೆಯಿಂದ ಅವಳಂಗಡಿಗೆ ಮಂಡಕ್ಕಿ ಮೂಟೆ ಹಾಕುವ ಗೌಸ್‌ಪೀರ್ ಈ ರಾಮಾಯಣವನ್ನೆಲ್ಲ ಕೇಳಿ, ನ್ಯಾಮತಿಯಲ್ಲಿರುವ ತನ್ನ ತಂಗಿಯ ಮಗಳು ಅನೀಸಾಳ ಹೆಸರು ಹೇಳಿದ. ಮದುವೆಗಳಲ್ಲಿ ಹೆಂಗಸರ ಕಡೆ ಫೋಟೋ ತೆಗೆಯುವವಳು. ಈಗ ಏನೋ ಹೊಸ ಹುಚ್ಚು ಹತ್ತಿಸಿಕೊಂಡಿದ್ದಾಳೆ, ಫ್ಲಾಶನ್ನು ಕ್ಯಾಮೆರಾದಿಂದ ಕಿತ್ತು ಕಂಬಕ್ಕೆ ಕಟ್ಟಿ ಛತ್ರಿ ಹಿಡಿಸುತ್ತಾಳೆ, ಮನೆಯವರನ್ನೆಲ್ಲ ಕೂರಿಸಿ ಕೂರಿಸಿ ಮುಗಿಯಿತು, ಈಗ ಅವಳ ಮುಂದೆ ಕೂರುವವರೇ ಇಲ್ಲ ಎಂದು ನಕ್ಕ. ಕಸ್ತೂರಮ್ಮ ನಗಲಿಲ್ಲ. ಮುಂದಿನ ಸೋಮವಾರ ಅಂಗಡಿಗೆ ಬಾಗಿಲು ಹಾಕಿ ನ್ಯಾಮತಿ ಬಸ್ಸು ಹತ್ತಿದಳು.

ಅನೀಸಾಳ ಸ್ಟುಡಿಯೋ ಎಂದರೆ ಅವಳ ಮನೆಯ ಮುಂದಿನ ಕೋಣೆ. ಕಿಟಕಿಗೆ ದಪ್ಪ ಚಾದರ ಕಟ್ಟಿ ಕತ್ತಲು ಮಾಡಿಕೊಂಡಿದ್ದಳು. ನಡುವೆ ಒಂದು ಸ್ಟೂಲು. ಒಂದು ಬದಿಗೆ ಮೂರು ಕಾಲಿನ ಕಂಬ, ಅದರ ತಲೆಯ ಮೇಲೆ ಫ್ಲಾಶು, ಅದಕ್ಕೊಂದು ಬಿಳಿ ಛತ್ರಿ. ತಾನು ಇದನ್ನು ಕಲಿಯಲು ಶುರುಮಾಡಿ ಹೆಚ್ಚು ದಿನವಾಗಿಲ್ಲ, ಹೇಳಿಕೊಡುವವರೂ ಇಲ್ಲ, ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಮಾಡುತ್ತಿದ್ದೇನೆ ಎಂದು ಅವಳು ಮೊದಲೇ ಹೇಳಿಬಿಟ್ಟಳು. ಕಸ್ತೂರಮ್ಮ ಬಂದ ಕಾರಣ ಕೇಳಿದ ಮೇಲೆ ಕೈಯಲ್ಲಿದ್ದ ಕ್ಯಾಮೆರಾ ಕೆಳಗಿಟ್ಟಳು.

“ಅಮ್ಮ, ಬೇಜಾರಾಗಬ್ಯಾಡ್ರಿ. ಅವರು ಹಾಕಿರೋದು ಸುಳ್ಳು ಫೋಟೋ ಅಂತೀರಿ. ನಿಮ್ಮ ಫೋಟೋ ತೆಗೆದು ಅವರದು ಅಂದ್ರೆ, ಅದೂ ಸುಳ್ಳೇ ಅಲ್ವಾ?”

ಕಸ್ತೂರಮ್ಮನಿಗೆ ನೆತ್ತಿಗೇರಿತು. “ಅದು ಯಾರದೋ ಕತ್ತು,” ಎಂದಳು. “ಎಲ್ಲಿ ಹುಟ್ಟಿತ್ತೋ, ಯಾರಿಗೆ ಗೊತ್ತು. ಇದು ನಮ್ಮವ್ವನ ಹೊಟ್ಟೆಯಾಗೆ ಆದ ಮುಖ. ಅವ್ವ ಇಬ್ಬರಿಗೂ ಒಂದೇ ಕೊಟ್ಟಿದ್ದಳು. ಒಂದು ಹೋಯ್ತು, ಇನ್ನೊಂದು ಐತೆ. ನಿನ್ನ ಕೈಲಿ ಆಗ್ತೈತೋ ಇಲ್ಲೋ ಹೇಳು.”

ಆಗುತ್ತದೆ ಎಂದು ಅನೀಸಾ ಹೇಳಲಿಲ್ಲ. ಕೂತ್ಕೊಳ್ರಿ ಎಂದಳು.

ಆಮೇಲೆ ನಡೆದದ್ದನ್ನು ಕಲಿಕೆ ಅನ್ನಬೇಕೋ ಜಗಳ ಅನ್ನಬೇಕೋ ಗೊತ್ತಿಲ್ಲ. ಮೊದಲನೆಯದರಲ್ಲಿ ಫೋಟೋದ ಕೆಳಗಿನ ಅರ್ಧಕ್ಕೆ ಕಪ್ಪು ಪಟ್ಟಿ ಬಿತ್ತು, ಕಸ್ತೂರಮ್ಮನ ಮೂಗಿನಿಂದ ಮೇಲೆ ಮಾತ್ರ ಕಾಣುತ್ತಿತ್ತು. ಕ್ಯಾಮೆರಾದ ಕಣ್ಣು ಫ್ಲಾಶಿಗಿಂತ ಬೇಗ ಮುಚ್ಚಿಕೊಂಡಿದೆ, ಸ್ಪೀಡು ಇಳಿಸಬೇಕು ಎಂದು ಅನೀಸಾ ಏನೋ ತಿರುಗಿಸಿದಳು. ಮುಂದಿನದರಲ್ಲಿ ಮುಖ ಪೂರ್ತಿ ಬಂತು, ಆದರೆ ಬೆಳಕು ಪೂರಾ ಪಕ್ಕಕ್ಕಿದ್ದದ್ದರಿಂದ ಅರ್ಧ ಮುಖ ಹಗಲು, ಅರ್ಧ ಅಮಾವಾಸ್ಯೆ. ಕಂಬವನ್ನು ಮುಂದಕ್ಕೆ ತಂದು ಮೇಲಕ್ಕೆತ್ತಿದರೆ ಮೂಗಿನ ನೆರಳು ತುಟಿಯ ಮೇಲೆ ಬಿದ್ದು ಮೀಸೆ ಮೂಡಿತು. ನಮ್ಮ ಸ್ಟ್ಯಾಂಡಿನ ಪೊಲೀಸ್ ಹನುಮಂತಪ್ಪನ ಹಾಗೆ ಕಾಣುತ್ತಿದ್ದೇನೆ ಎಂದು ಕಸ್ತೂರಮ್ಮ ರೇಗಿದಳು. ಅನೀಸಾ ಇನ್ನೊಂದು ಬದಿಗೆ ಥರ್ಮಾಕೋಲ್ ಹಲಗೆಯೊಂದನ್ನು ಕುರ್ಚಿಗೆ ಆನಿಸಿ ನಿಲ್ಲಿಸಿದಳು, ನೆರಳಿನ ಕಡೆಗೆ ಸ್ವಲ್ಪ ಬೆಳಕು ವಾಪಸ್ ಬರಲಿ ಎಂದು. ಹಲಗೆ ಜಾರಿ ಕಸ್ತೂರಮ್ಮನ ಕಾಲ ಮೇಲೆ ಬಿತ್ತು.

ಇಷ್ಟರ ಮೇಲೆ ಕಸ್ತೂರಮ್ಮನದೊಂದು ತೊಂದರೆ. ಹುಟ್ಟಿದಾಗಿನಿಂದ ಅವಳಿಗೆ ಗೊತ್ತಿದ್ದ ಫೋಟೋ ಎಂದರೆ ಮುಖಕ್ಕೆ ಬೀಳುವ ಫ್ಲಾಶು. ಎಲ್ಲಿಂದ ಬೆಳಕು ಬರುತ್ತದೋ ಅಲ್ಲಿಯೇ ಫೋಟೋದವನು ಇರುತ್ತಾನೆ, ಅಲ್ಲಿಗೇ ನೋಡಬೇಕು. ಅನೀಸಾ ಎದುರಿಗೆ ನಿಂತು ಕ್ಯಾಮೆರಾ ಹಿಡಿದಿದ್ದರೂ ಕಸ್ತೂರಮ್ಮ ಪ್ರತಿ ಸಲವೂ ಛತ್ರಿಯ ಕಡೆಗೇ ತಿರುಗುತ್ತಿದ್ದಳು. ನನ್ನ ಕಡೆ ನೋಡ್ರಿ ಅಮ್ಮ, ನನ್ನ ಕಡೆ, ಎಂದು ಅನೀಸಾ ಹೇಳಿ ಹೇಳಿ ದಣಿದಳು. ಅಂಥದರಲ್ಲಿ ಬಟನ್ ಒತ್ತಿದರೂ ಬೆಳಕೇ ಬರದೆ ಹೋಯಿತು. ಸ್ವಲ್ಪ ಹೊತ್ತು ಬಿಟ್ಟರೆ ಇದು ಮಲಗಿಬಿಡುತ್ತದೆ, ಎಬ್ಬಿಸಬೇಕು, ಎಂದು ಅವಳು ಹೋಗಿ ಫ್ಲಾಶಿನ ಬೆನ್ನು ತಟ್ಟಿ ಬಂದಳು. ದುಡಿಯುವ ಹೊತ್ತಿಗೆ ಮಲಗುವುದನ್ನು ಇದಕ್ಕೆ ಯಾವ ಗಂಡಸು ಕಲಿಸಿದನೋ ಎಂದು ಕಸ್ತೂರಮ್ಮ ಗೊಣಗಿದಳು. ಮತ್ತೆ ಮಲಗಿತು. ಮತ್ತೆ ಎಬ್ಬಿಸಿದಳು. ಕಸ್ತೂರಮ್ಮ ಗೊಣಗುವುದನ್ನು ಬಿಟ್ಟು ಬಾಯಿಬಿಟ್ಟೇ ಬೈಯತೊಡಗಿದಳು. ಗೌಸ್‌ಪೀರನನ್ನು, ಅವನ ಮಂಡಕ್ಕಿಯನ್ನು, ನ್ಯಾಮತಿಯನ್ನು, ಬಾರದ ವಿದ್ಯೆ ಹಿಡಿದು ಕೂತ ಹುಡುಗಿಯರನ್ನು, ಯಾರನ್ನೂ ಬಿಡಲಿಲ್ಲ.

ಅನೀಸಾಳಿಗೂ ಸಾಕಾಯಿತು. ಕ್ಯಾಮೆರಾ ಕೆಳಗಿಳಿಸಿ, “ನನಗೆ ಬರಲ್ಲ ಅಂತ ಬಾಗಿಲಾಗೇ ಹೇಳಿದೀನಿ,” ಎಂದಳು. “ನೀವು ಬೈಯಾಕೆ ಬಂದೀರೋ ಫೋಟೋ ತೆಗಿಸಾಕೆ ಬಂದೀರೋ ಒಂದು ಮಾಡ್ರಿ. ಬೈಯೋದಾದ್ರೆ ಆ ಮುಖ ಹಾಳು ಮಾಡಿದೋರನ್ನ ಬೈಯಿರಿ. ನಾನೇನು ಮಾಡಿದೀನಿ ನಿಮಗೆ?”

ಯಾವ ಗಿರಾಕಿಯೂ ಕಸ್ತೂರಮ್ಮನಿಗೆ ಹೀಗೆ ತಿರುಗಿ ಹೇಳಿದ್ದಿಲ್ಲ. ಹುಡುಗಿಯ ಮಾತು ನ್ಯಾಯವಾಗಿಯೇ ಇತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಬೈಯಬೇಕಾದವರು ಇಲ್ಲಿ ಇರಲಿಲ್ಲ. ಇದ್ದದ್ದು ಕಂಬವೊಂದೇ. ಅವಳು ಅದರ ಕಡೆಗೇ ತಿರುಗಿದಳು.

“ಏನೋ ಗುರು,” ಎಂದಳು ಛತ್ರಿಗೆ. “ಒಂಬತ್ತು ತಿಂಗಳು ಹೊತ್ತೋಳ ಮುಖ ನಿನಗೆ ಗುರುತು ಸಿಗಲಿಲ್ವೇನೋ? ಅವಳ ಕೈಯಾಗೆ ಉಂಡು ಬೆಳೆದೋನು ನೀನು. ಬಡಿಸುವಾಗ ಒಂದಿನ ತಲೆ ಎತ್ತಿ ನೋಡಿದ್ರೆ ಆಗ್ತಿರಲಿಲ್ವಾ?”

ಆಮೇಲೆ ಮರುಳಪ್ಪನ ಸರದಿ ಬಂತು. ಅವನನ್ನು ಅವಳು ನೀವು ಎಂದೇ ಮಾತಾಡಿಸಿ, ಆ ನೀವಿನೊಳಗೇ ಇದ್ದಬದ್ದದ್ದನ್ನೆಲ್ಲ ತುಂಬಿದಳು. ಚೆನ್ನಾಗೇ ಐತಲ್ಲ ಎಂದಿರಲ್ಲ, ಯಾವುದು ಚೆನ್ನಾಗಿದೆ, ಆ ಕಾಸಿನ ಸರವೇ, ಎಂದು ಕೇಳಿದಳು. ನಿಮ್ಮ ಗಿರಣಿಯ ಬೆಲ್ಟು ಹರಿದರೆ ಬೇರೆಯವರ ಬೆಲ್ಟು ತಂದು ಹಾಕಿ ಅದನ್ನೇ ನನ್ನದು ಎನ್ನುತ್ತೀರಾ ಎಂದು ಕೇಳಿದಳು. ಛತ್ರಿ ಎಲ್ಲವನ್ನೂ ಕೇಳಿಕೊಂಡಿತು. ಈ ಸಲ ಫ್ಲಾಶು ಮಲಗಿರಲಿಲ್ಲ. ಮಾತಿನ ನಡುವೆ ಎರಡು ಮೂರು ಸಲ ಬೆಳಕು ಬಂದುಹೋದದ್ದು ಅವಳ ಗಮನಕ್ಕೆ ಬರಲಿಲ್ಲ. ಅನೀಸಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದಳು, ನನ್ನ ಕಡೆ ನೋಡಿ ಎನ್ನುವುದನ್ನು ಬಿಟ್ಟಿದ್ದಳು.

ಬೈದು ಮುಗಿದ ಮೇಲೆ ಅನೀಸಾ ಕ್ಯಾಮೆರಾದ ಬೆನ್ನನ್ನು ಅವಳ ಮುಂದೆ ಹಿಡಿದಳು. ಇಷ್ಟು ಹೊತ್ತು ನಾನು ನಿಮ್ಮನ್ನು ಬೆಳಕಿನಿಂದ ಈಚೆ ತಿರುಗಿಸುತ್ತಿದ್ದೆ, ನೀವು ತಿರುಗಿದ್ದೇ ಸರಿ ಇತ್ತು, ಎಂದು ಅವಳಿಗೇ ಆಶ್ಚರ್ಯವಾದಂತೆ ಹೇಳಿದಳು. ಬೆಳಕಿನ ಕಡೆ ತಿರುಗಿದ ಮುಖದ ಮೇಲೆ ಬೆಳಕು ಬೇಕಾದಲ್ಲಿ ಬಿದ್ದು, ಕ್ಯಾಮೆರಾದ ಕಡೆಗಿದ್ದ ಕೆನ್ನೆ ನೆರಳಿಗೆ ಸರಿದಿತ್ತು. ಕೆನ್ನೆಯ ಮೂಳೆ ಎದ್ದು ನಿಂತಿತ್ತು. ಕಣ್ಣಿನ ಕೆಳಗಿನ ಗುಳಿ, ಬಾಯಿಯ ಮೂಲೆಯಿಂದ ಗಲ್ಲಕ್ಕಿಳಿದ ಗೆರೆ, ಒಂದೂ ಅಳಿಸಿರಲಿಲ್ಲ. ಕುಳ್ಳ ಕತ್ತು ಹೆಗಲೊಳಗೇ ಇತ್ತು. ಕಸ್ತೂರಮ್ಮನಿಗೆ ಅದು ತಾನು ಎನ್ನಿಸಲೇ ಇಲ್ಲ. ವರ್ಷಕ್ಕೊಮ್ಮೆ ಚನ್ನಗಿರಿಗೆ ಬಂದು ಅಂಗಡಿಯಲ್ಲಿ ತನ್ನ ಪಕ್ಕ ನಿಂತು ಹಿಟ್ಟು ಕಲಸುತ್ತಿದ್ದ ಅಂಜಿನಿ ಅದರಲ್ಲಿದ್ದಳು. ಒಂದು ವರ್ಷದಿಂದ ನೋಡದ ಮುಖವನ್ನು ನೋಡಿ ಅವಳಿಗೆ ಅಳು ನುಗ್ಗಿ ಬಂತು, ಅಷ್ಟು ಬೈದ ಹುಡುಗಿಯ ಮುಂದೆಯೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅನೀಸಾ ಒಳಗೆ ಹೋಗಿ ಚಹಾಕ್ಕಿಟ್ಟಳು.

ಗೆರೆ ಒರೆಸಬೇಡ, ಬೆಳ್ಳಗೆ ಮಾಡಬೇಡ ಎಂದು ಹೇಳುವ ಅಗತ್ಯವೂ ಬೀಳಲಿಲ್ಲ. ಹಾಗೇ ದೊಡ್ಡದಾಗಿ ಹಾಕಿಸಿ, ಕಟ್ಟು ಕೂರಿಸಿ ಗೌಸ್‌ಪೀರನ ಕೈಲಿ ಕಳಿಸಿಕೊಟ್ಟಳು ಅನೀಸಾ. ಕಸ್ತೂರಮ್ಮ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಿಳಿಚೋಡಿಗೆ ಹೊರಟಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಮಸೆಯುತ್ತ ಹೋದಳು. ಅವರು ಹೀಗೆಂದರೆ ತಾನು ಹೀಗೆನ್ನಬೇಕು, ಅವನು ಎದ್ದು ಹೋದರೆ ಅಡ್ಡ ನಿಂತು ಇಂಥದ್ದನ್ನು ಕೇಳಬೇಕು ಎಂದು ಒಂದೊಂದನ್ನೂ ಗಟ್ಟಿ ಮಾಡಿಕೊಂಡಳು.

ಹೋದವಳು ನೀರೂ ಕುಡಿಯದೆ ಪಡಸಾಲೆಯಲ್ಲಿ ಸೀರೆ ಬಿಚ್ಚಿ ಫೋಟೋವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಮೇಲಿನದನ್ನು ಇಳಿಸಿ ಇದನ್ನು ಹಾಕು ಎಂದು ಗುರುವಿಗೆ ಹೇಳಿದಳು. ಗುರು ಫೋಟೋವನ್ನೂ ಅವಳನ್ನೂ ಒಂದಾದ ಮೇಲೊಂದು ನೋಡಿ ಬೆವೆತ.

“ದೊಡ್ಡವ್ವ, ಇದು ನಿಂದು. ಬದುಕಿರೋರ ಫೋಟೋ ಸತ್ತೋರ ಜಾಗದಾಗೆ ಹಾಕ್ತಾರಾ? ಹಾರ ಹಾಕಾಕೆ ಆಗ್ತೈತಾ? ಜನ ಏನಂತಾರೆ?”

“ನಾನು ಬದುಕಿರೋದು ಚನ್ನಗಿರಿಯಾಗೆ,” ಎಂದಳು ಕಸ್ತೂರಮ್ಮ. “ಈ ಮನೆಯಾಗೆ ಈ ಮುಖದೋಳು ಸತ್ತಿದಾಳೆ. ಹಾರ ಹಾಕು, ನನಗೇನೂ ಆಗಲ್ಲ. ಆದ್ರೂ ಆಗಲಿ.”

ಗುರು ಹೊರಗೆ ಹೋಗಿ ಗಿರಣಿಯಿಂದ ಅಪ್ಪನನ್ನು ಕರೆತಂದ. ಮರುಳಪ್ಪನ ರೆಪ್ಪೆ, ಹುಬ್ಬು, ಕಿವಿಯ ಕೂದಲೆಲ್ಲ ಹಿಟ್ಟಾಗಿತ್ತು. ಟವೆಲಿನಿಂದ ಕಣ್ಣೊರೆಸಿಕೊಂಡು ಫೋಟೋದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬಹಳ ಹೊತ್ತು ನೋಡಿದ. ಕಸ್ತೂರಮ್ಮ ಕಾದಳು. ಚೆನ್ನಾಗೇ ಐತಲ್ಲ ಎಂದು ಇವನು ಈಗ ಹೇಳಿದರೆ ಫೋಟೋದ ಕಟ್ಟನ್ನೇ ಇವನ ತಲೆಗೆ ಹಾಕಬೇಕು ಎಂದುಕೊಂಡಿದ್ದಳು.

“ಇದು ಅವಳಲ್ಲ ಅಕ್ಕಾರೆ,” ಎಂದ ಮರುಳಪ್ಪ. “ಮುಖ ಅವಳದೇ, ಅಲ್ಲ ಅನ್ನಲ್ಲ. ಮ್ಯಾಲಿಂದು ಅವಳಲ್ಲ ಅನ್ನೋದು ನನಗೂ ಗೊತ್ತೈತೆ. ಆದ್ರೆ ಅವಳಿಗೆ ಇಷ್ಟು ಸಿಟ್ಟು ಇರಲಿಲ್ಲ. ನನ್ನ ಕಡೆ ಒಂದಿನ ಹಿಂಗೆ ನೋಡಿದೋಳಲ್ಲ ಅವಳು.”

ದಾರಿಯಲ್ಲಿ ಮಸೆದುಕೊಂಡು ಬಂದ ಮಾತುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಸ್ತೂರಮ್ಮನ ಬಾಯಿಂದ ಬಂದದ್ದು ಬೈಗುಳವಾಗಿರಲಿಲ್ಲ, ದನಿಯೂ ಏರಿರಲಿಲ್ಲ.

“ಇತ್ತು. ನಿಮಗೆ ತೋರಿಸಿರಲಿಲ್ಲ, ಅಷ್ಟೆ. ನನ್ನ ಅಂಗಡಿಗೆ ಬಂದು ತೋರಿಸ್ತಿದ್ದಳು.”

ಮರುಳಪ್ಪ ಕೂತಲ್ಲಿಂದ ತಲೆ ಎತ್ತಿ ಅವಳನ್ನು ನೋಡಿದ. ಆಗ ಒಳಗಿನಿಂದ ರಮ್ಯಶ್ರೀ ಸ್ಟೂಲೊಂದನ್ನು ಹೊತ್ತು ತಂದು ಗೋಡೆಯ ಬುಡಕ್ಕಿಟ್ಟಳು. ಯಾರೂ ಅವಳಿಗೆ ತರಲು ಹೇಳಿರಲಿಲ್ಲ. ಗಂಡನ ಮುಖವನ್ನಾಗಲಿ ಮಾವನ ಮುಖವನ್ನಾಗಲಿ ನೋಡದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಹತ್ತಿ ಕಾಸಿನ ಸರದವಳನ್ನು ಕೆಳಗಿಳಿಸಿದಳು, ಇನ್ನೊಂದಕ್ಕೆ ಕೈ ಚಾಚಿದಳು. ಕಸ್ತೂರಮ್ಮ ಎತ್ತಿ ಕೊಟ್ಟಳು.

ಗೋಡೆಯ ಮೇಲಿನಿಂದ ಆ ಮುಖ ಪಕ್ಕಕ್ಕೆ, ಮರುಳಪ್ಪ ದಿನಾ ಊಟಕ್ಕೆ ಕೂರುವ ಜಾಗದ ಕಡೆಗೆ ನೋಡತೊಡಗಿತು. ಅವನು ಕೂತಲ್ಲಿಂದ ಏಳಲಿಲ್ಲ. ಹಿಟ್ಟಿನ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದ.

“ಯಾತಕ್ಕೆ ಸಿಟ್ಟು ಅಕ್ಕಾರೆ ಅವಳಿಗೆ?”

ನಲವತ್ತು ವರ್ಷ ಬಾಳಿಸಿದ ಹೆಂಡತಿಯ ಬಗ್ಗೆ ಕೇಳುವ ಪ್ರಶ್ನೆಯೇ ಇದು ಎಂದು ಕಸ್ತೂರಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಅವಳು ಅವನ ಎದುರಿಗೆ ಕಾಲು ಮಡಚಿ ಕೂತಳು, ರಮ್ಯಶ್ರೀಗೆ ನೀರು ತರಲು ಹೇಳಿದಳು, ನೀನೂ ಬಂದು ಕೂತುಕೋ ಎಂದು ಗುರುವನ್ನು ಕರೆದಳು. ನೀರು ಕುಡಿದು ತಂಬಿಗೆ ಕೆಳಗಿಟ್ಟು, ಅಂಜಿನಿ ಆ ಮನೆಗೆ ಮದುವೆಯಾಗಿ ಬಂದ ವರ್ಷದಿಂದ ಹೇಳಲು ಶುರುಮಾಡಿದಳು.